ಗಲ್ಲಾಪೆಟ್ಟಿಗೆಯ ಪಕ್ಕದ ಕಂಪ್ಯೂಟರಿಗೂ ಗಾಳಿ ಬೇಕು

2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ ಹೊಸೂರು, ಕೃಷ್ಣಗಿರಿ ಕಡೆಯ ವ್ಯಾಪಾರಸ್ಥರಾದ ನಮಗೆ ಕಂಪ್ಯೂಟರಿಲ್ಲದೆ ದಿನ ಕಳೆಯದು. ಬಿಲ್ಲು, ಸ್ಟಾಕು, ಉದ್ದರಿ ಎಲ್ಲವೂ ಆ ಪೆಟ್ಟಿಗೆಯೊಳಗೇ ಸೇರಿವೆ. ನಮ್ಮ ಹಿರಿಯರು ಖಾತೆ ಪುಸ್ತಕವನ್ನು ಗೆದ್ದಲಿನಿಂದ ಕಾಯುತ್ತಿದ್ದರು. ಇಂದು ನಾವು ಲೆಕ್ಕವನ್ನು ಶಾಖ ಮತ್ತು ಧೂಳಿನಿಂದ ಕಾಯಬೇಕಾಗಿದೆ.

ಹೊಸೂರು ಎತ್ತರದ ಊರಾದ್ದರಿಂದ ಹವೆ ಸ್ವಲ್ಪ ತಂಪು. ಘಾಟಿ ಇಳಿದು ಕೃಷ್ಣಗಿರಿಗೆ ಬಂದರೆ ಏಪ್ರಿಲ್, ಮೇ ತಿಂಗಳ ಬಿಸಿಲು ಹೇಳತೀರದು. ಗ್ರಾನೈಟ್ ಲಾರಿಗಳ ಮತ್ತು ಹೆದ್ದಾರಿಯ ಧೂಳು ಬೇರೆ. ಪ್ರೊಸೆಸರ್ ಅತಿಯಾಗಿ ಬಿಸಿಯಾದರೆ ಮೊದಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಇನ್ನೂ ಬಿಸಿಯೇರಿದರೆ ಯಂತ್ರವೇ ನಿಂತುಹೋಗುತ್ತದೆ. ಆಗ ಬರೆಯುತ್ತಿದ್ದ ಲೆಕ್ಕದ ಫೈಲು ಕೆಟ್ಟರೆ ರಿಟರ್ನ್ ಸಲ್ಲಿಸುವ ಹೊತ್ತಿಗೆ ನಮ್ಮ ಪಾಡು ಯಾರಿಗೂ ಬೇಡ.

ಇದಕ್ಕೆ ಕಾವಲುಗಾರರೇ ಒಳಗಿನ ಫ್ಯಾನುಗಳು. ಮುಂದಿನ ಫ್ಯಾನು ತಂಪು ಗಾಳಿಯನ್ನು ಒಳಗೆಳೆಯಬೇಕು, ಹಿಂದಿನದು ಬಿಸಿ ಗಾಳಿಯನ್ನು ಹೊರದೂಡಬೇಕು. ಎರಡೂ ಎದುರುಬದುರಾಗಿ ಊದಿದರೆ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಮೋಟಾರನ್ನು ಹಿಡಿದಿರುವ ಅಡ್ಡಕಡ್ಡಿಗಳ ಕಡೆಯಿಂದ ಗಾಳಿ ಹೊರಬೀಳುತ್ತದೆ.

ಇನ್ನು ಜೋಡಣೆ. ಮೂರು ಪಿನ್ನಿನ ಫ್ಯಾನಿನಲ್ಲಿ ಒಂದು ತಂತಿ ಅರ್ಥ್, ಇನ್ನೊಂದು 12 ವೋಲ್ಟ್, ಮೂರನೆಯದು ಫ್ಯಾನು ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ವರದಿ ಕೊಡುವುದು. ನಾಲ್ಕು ಪಿನ್ನಿನದರಲ್ಲಿ ನಾಲ್ಕನೆಯ ತಂತಿ ಮದರ್‌ಬೋರ್ಡಿನ ಅಪ್ಪಣೆಯನ್ನು ತರುತ್ತದೆ. ಸೆಕೆಂಡಿಗೆ ಸುಮಾರು 25 ಸಾವಿರ ಸಲ ಹತ್ತಿ ಆರುವ ಈ ಸಂಕೇತದಿಂದಲೇ ವೇಗ ಹೆಚ್ಚುಕಡಿಮೆಯಾಗುತ್ತದೆ. ತಂತಿಯ ಬಣ್ಣ ಕಂಪನಿಗೊಂದು ಬಗೆ, ಅದನ್ನು ನಂಬಬಾರದು; ಪ್ಲಗ್ಗಿನ ಗಾಡಿ ನೋಡಿ ಕೂಡಿಸಬೇಕು, ಬಲವಂತ ಬೇಡ. ಮೂರು ಪಿನ್ನಿನದು ನಾಲ್ಕು ಪಿನ್ನಿನ ಜಾಗದಲ್ಲೂ ಕೂರುತ್ತದೆ. ಆದರೆ ಬಯಾಸ್‌ನಲ್ಲಿ ಆ ಜಾಗವನ್ನು 'ಡಿ.ಸಿ.' ಎಂದು ಇಡದಿದ್ದರೆ ಅದು ಸದಾ ಪೂರ್ಣ ವೇಗದಲ್ಲಿ ಓಡಬಹುದು. ನಾಲ್ಕು ಪಿನ್ನಿನದಕ್ಕೆ 'ಪಿ.ಡಬ್ಲ್ಯೂ.ಎಂ.' ಎಂದಿರಲಿ.

ಪ್ರೊಸೆಸರಿನ ಮೇಲಿನ ಫ್ಯಾನನ್ನು 'ಸಿ.ಪಿ.ಯು. ಫ್ಯಾನ್' ಎಂದು ಬರೆದ ಜಾಗಕ್ಕೇ ಕೊಡಬೇಕು. ಅದು ನಿಂತರೆ ಎಷ್ಟೋ ಬೋರ್ಡುಗಳು ಆರಂಭದಲ್ಲೇ ಎಚ್ಚರಿಸುತ್ತವೆ. ಸಾಮಾನ್ಯ ಬೋರ್ಡಿನಲ್ಲಿ ಒಂದು ಜಾಗ ಒಂದು ಆಂಪಿಯರ್‌ನಷ್ಟೇ ತಾಳುವುದರಿಂದ ಒಂದಕ್ಕೇ ಹಲವು ಫ್ಯಾನು ತಗುಲಿಸಬಾರದು. ನೇರವಾಗಿ ಪವರ್ ಸಪ್ಲೈಗೆ ಜೋಡಿಸಿದ ಫ್ಯಾನು ತಿರುಗುವುದೇನೋ ನಿಜ, ಆದರೆ ಬೋರ್ಡಿನ ಹತೋಟಿಗೆ ಸಿಗದು.

ಯಂತ್ರ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಕೀಲಿಯೊತ್ತಿದರೆ ಬಹುತೇಕ ಬೋರ್ಡುಗಳಲ್ಲಿ ಬಯಾಸ್ ತೆರೆಯುತ್ತದೆ. ತಣ್ಣಗಿರುವಾಗ ನಿಧಾನ, ಬಿಸಿಯೇರಿದಂತೆ ವೇಗ, 70 ಡಿಗ್ರಿ ದಾಟುವಷ್ಟರಲ್ಲಿ ಪೂರ್ಣ ವೇಗ ಎಂದು ಅಲ್ಲಿ ಗೊತ್ತುಮಾಡಿದರೆ ಸದ್ದೂ ಕಡಿಮೆ, ಫ್ಯಾನಿಗೂ ಬಾಳಿಕೆ.

ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ರೆಕ್ಕೆಯನ್ನು ಬೆರಳಿನಿಂದ ಹಿಡಿದು ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ. ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿಡಬೇಡಿ, ಚಾಲೂ ಇರುವಾಗ ಪ್ಲಾಸ್ಟಿಕ್ ಹೊದಿಸಬೇಡಿ. ಕಿರುಗುಟ್ಟುವ ಫ್ಯಾನನ್ನು ನಿಲ್ಲುವ ಮುಂಚೆಯೇ ಬದಲಿಸಿ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ವರ್ಷದ ಲೆಕ್ಕ ಕಳೆದುಕೊಳ್ಳುವುದು ವ್ಯಾಪಾರಸ್ಥರಿಗೆ ಶೋಭಿಸದು. ಏನೇ ಜಾಗ್ರತೆ ವಹಿಸಿದರೂ ಲೆಕ್ಕದ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.