ಹಳ್ಳಿ ಶಾಲೆಯ ಅಂಗಳಕ್ಕೆ ಕಾಲೇಜು ಅಕ್ಕ-ಅಣ್ಣಂದಿರು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಾಲೇಜುಗಳಲ್ಲಿ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರವೆಂದರೆ ನೆನಪಾಗುವುದು ಸಲಿಕೆ, ಬುಟ್ಟಿ, ಸ್ವಚ್ಛತೆ. ಜೊತೆಗೊಂದು ಚೆಂಡೂ ಹಳ್ಳಿ ಶಾಲೆಗೆ ಹೋಗಬೇಕು.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾಗಿ ಓಡಿ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಾನು ಬೇಕು. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಸಿಗುವುದು 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ. ಸಣ್ಣ ಊರಿನ ಶಾಲೆ ಈ ಲೆಕ್ಕದಿಂದಲೇ ಹೊರಗುಳಿಯುತ್ತದೆ.

1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಎನ್‌ಎಸ್‌ಎಸ್‌ನಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ದುಡಿಯಬೇಕು. 7 ದಿನದ ಶಿಬಿರ ಬೇರೆ. ಒಂದು ವಾರದ ಹುರುಪು ಮಕ್ಕಳಿಗೆ ಸಾಲದು. ಆ 120 ಗಂಟೆಯಲ್ಲಿ ವಾರಕ್ಕೊಂದನ್ನು ಒಂದೇ ಶಾಲೆಗೆ ಮೀಸಲಿಡುವುದು ಹೆಚ್ಚು ಫಲಕಾರಿ.

ಖರ್ಚೂ ಕಡಿಮೆ. ಖೊಖೊಗೆ ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ ಸಾಕು. ನಡುಗೆರೆಯ ಮೇಲೆ 8 ಮಕ್ಕಳು ಒಬ್ಬರು ಈ ಕಡೆ, ಇನ್ನೊಬ್ಬರು ಆ ಕಡೆ ಮುಖಮಾಡಿ ಕೂರುತ್ತಾರೆ, ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಬೆನ್ನು ಮುಟ್ಟಿ ‘ಖೋ’ ಎಂದೊಡನೆ ಕೂತವಳು ಚಂಗನೆ ಎದ್ದು ಓಡಬೇಕು. ಲಗೋರಿಗೆ 7 ಚಪ್ಪಟೆ ಕಲ್ಲು, ಒಂದು ಚೆಂಡು.

ಈ ಬಿಸಿಲ ನಾಡಿನಲ್ಲಿ ಬೇಸಿಗೆಯ ಆಟ ಬೆಳಿಗ್ಗೆಯೇ ಮುಗಿಯಬೇಕು, ಕುಡಿಯುವ ನೀರು ಹತ್ತಿರವಿರಬೇಕು. ಹುಡುಗಿಯರು ಹಿಂಜರಿಯುವಲ್ಲಿ ಕಾಲೇಜಿನ ಅಕ್ಕಂದಿರೇ ಮೊದಲು ಅಂಗಳಕ್ಕಿಳಿಯಲಿ. 2023ರಲ್ಲಿ ಆರಂಭವಾದ ಕೊಪ್ಪಳ ವಿಶ್ವವಿದ್ಯಾಲಯ ವಾರಕ್ಕೊಂದು ಗಂಟೆಯ ಈ ಆಟವನ್ನು ತನ್ನ ಕಾಲೇಜುಗಳ ವಾರ್ಷಿಕ ಯೋಜನೆಯಲ್ಲೇ ಸೇರಿಸಬಹುದು.