ತಾಯಿಗಿಡದ ಮಕ್ಕಳು: ಸ್ಟ್ರಾಬೆರಿ ನರ್ಸರಿಯ ಕಥೆ

ಚಳಿಗಾಲ ಬಂತೆಂದರೆ ನಮ್ಮ ದಹಿಸರ್ ಮಾರುಕಟ್ಟೆಯಲ್ಲೂ ಪುಟ್ಟ ಪುಟ್ಟ ಡಬ್ಬಿಗಳಲ್ಲಿ ಕೆಂಪು ಸ್ಟ್ರಾಬೆರಿ ಕಾಣಿಸಿಕೊಳ್ಳುತ್ತದೆ. ಮಕ್ಕಳು ಹಟ ಹಿಡಿಯುತ್ತಾರೆ, ನಾವು ಚೌಕಾಸಿ ಮಾಡಿ ಒಂದು ಡಬ್ಬಿ ಕೊಳ್ಳುತ್ತೇವೆ. ಇದು ಮಹಾಬಲೇಶ್ವರದ ಹಣ್ಣು ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಹಣ್ಣಿನ ಸಸಿ ಎಲ್ಲಿಂದ ಬಂತು, ಅದನ್ನು ಸಾಕಿ ಬೆಳೆಸಿದವರು ಯಾರು ಎಂದು ಯೋಚಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಇಂದು ನಾವು ತಿನ್ನುವ ಸ್ಟ್ರಾಬೆರಿಯ ಮೂಲವೇ ಒಂದು ಸ್ವಾರಸ್ಯದ ಕಥೆ. 1714ರಲ್ಲಿ ಫ್ರೇಜಿಯೇ ಎಂಬ ಫ್ರೆಂಚ್ ಸೇನಾ ಎಂಜಿನಿಯರ್ ದಕ್ಷಿಣ ಅಮೆರಿಕದ ಚಿಲಿಯಿಂದ ದೊಡ್ಡ ಹಣ್ಣಿನ ಕೆಲವು ಗಿಡಗಳನ್ನು ಹಡಗಿನಲ್ಲಿ ಜೋಪಾನವಾಗಿ ತಂದ. ಅವೆಲ್ಲ ಹೆಣ್ಣು ಗಿಡಗಳು. ಒಂಟಿಯಾಗಿ ಕಾಯಿ ಕಚ್ಚಲಿಲ್ಲ. ಪಕ್ಕದಲ್ಲಿ ಉತ್ತರ ಅಮೆರಿಕದ ವರ್ಜೀನಿಯಾ ಜಾತಿಯ ಗಿಡಗಳನ್ನು ನೆಟ್ಟಾಗ ಫಲ ಬಂತು. ಈ ಎರಡರ ಬೆರಕೆಯಿಂದಲೇ ಇಂದಿನ ಸ್ಟ್ರಾಬೆರಿ ಹುಟ್ಟಿತು.

ನಮ್ಮ ಸಹ್ಯಾದ್ರಿಗೆ ಇದು ಬಂದದ್ದು ಬ್ರಿಟಿಷರ ಕಾಲದಲ್ಲಿ. ಮುಂಬಯಿಯ ಗವರ್ನರ್ ಜಾನ್ ಮಾಲ್ಕಮ್ ಮಹಾಬಲೇಶ್ವರವನ್ನು ಗಿರಿಧಾಮ ಮಾಡಿದ ಮೇಲೆ ದೊರೆಗಳ ಊಟದ ಮೇಜಿಗೆಂದು ಬೆಳೆದ ಹಣ್ಣು, ಮುಂದೆ ರೈತರ ಅನ್ನವಾಯಿತು. 1959ರಲ್ಲಿ ಪಂಚಗಣಿಯಲ್ಲಿ ಕಿಶೋರ್ ವೋರಾ ಅವರು ‘ಮ್ಯಾಪ್ರೊ’ ಆರಂಭಿಸಿ ಜಾಮ್ ಮಾಡತೊಡಗಿದರು. 2010ರಲ್ಲಿ ಮಹಾಬಲೇಶ್ವರದ ಸ್ಟ್ರಾಬೆರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಸ್ಟ್ರಾಬೆರಿಯನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ. ಬೀಜದ ಗಿಡ ತಾಯಿಯ ಗುಣವನ್ನು ಹಾಗೆಯೇ ತರುವುದಿಲ್ಲ. ತಾಯಿಗಿಡ ನೆಲದ ಮೇಲೆ ಉದ್ದನೆಯ ಬಳ್ಳಿ ಚಾಚುತ್ತದೆ. ಅದರ ಗೆಣ್ಣಿನಲ್ಲಿ ಮರಿಸಸಿ ಮೂಡಿ ಬೇರೂರುತ್ತದೆ. ಈ ಮರಿಗಳನ್ನು ಬೇರ್ಪಡಿಸಿ ಸಾಕುವುದೇ ನರ್ಸರಿಯವರ ಕಸುಬು. ಕ್ಯಾಲಿಫೋರ್ನಿಯಾದಂಥ ದೂರದೇಶದಿಂದ ತಾಯಿಗಿಡಗಳು ಬೇಸಿಗೆಯ ಕೊನೆಗೆ ತಣ್ಣನೆಯ ಪೆಟ್ಟಿಗೆಗಳಲ್ಲಿ ಬರುತ್ತವೆ. ವಾಯಿ, ಪಂಚಗಣಿ ಕಡೆಯ ಕುಟುಂಬಗಳು ಅವನ್ನು ಮಳೆಯಿಂದ ಕಾಪಾಡಿ ಬೆಳೆಸಿ, ಮಳೆ ಹಿಂದೆ ಸರಿಯುವ ಹೊತ್ತಿಗೆ ಸಸಿಗಳನ್ನು ಸಿದ್ಧಪಡಿಸಬೇಕು. ಮಹಾಬಲೇಶ್ವರದ ಮಳೆಯೆಂದರೆ ಸಾಮಾನ್ಯವೇ? ನೀರು ನಿಂತರೆ ಬೇರು ಕೊಳೆಯುತ್ತದೆ. ವರ್ಷದ ಬಂಡವಾಳವೇ ಹೋದಂತೆ.

ಎರಡು ವರ್ಷಗಳ ಹಿಂದೆ ಮಳೆಗಾಲದ ಕೊನೆಯಲ್ಲಿ ವಾಯಿ ಹತ್ತಿರ ಇಂಥದೊಂದು ನರ್ಸರಿಯನ್ನು ನೋಡುವ ಅವಕಾಶ ನನಗೆ ಒದಗಿತು. ಮೂರು ತಲೆಮಾರು ಒಂದೇ ಚಪ್ಪರದಡಿ ದುಡಿಯುತ್ತಿತ್ತು. ಅಜ್ಜಿ ಪುಟ್ಟ ಚೀಲಗಳಿಗೆ ಮಣ್ಣು ತುಂಬುತ್ತಿದ್ದರು, ಮೊಮ್ಮಗ ಲೆಕ್ಕ ಬರೆಯುತ್ತಿದ್ದ. ಕತ್ತರಿ ಹಿಡಿದ ಸೊಸೆ ಮರಾಠಿಯಲ್ಲಿ ಹೇಳಿದಳು: “ಕಾಕೂ, ಬೇರು ಬಿಡುವ ಮೊದಲೇ ಕತ್ತರಿಸಿದರೆ ಮರಿ ಸಾಯುತ್ತದೆ. ಕತ್ತರಿಸದೇ ಬಿಟ್ಟರೆ ತಾಯಿ ಸೊರಗುತ್ತಾಳೆ.” ಅವಳ ಮಾವನ ಕಾಲದಲ್ಲಿ ಹಿಂದಿನ ವರ್ಷದ ಗಿಡಗಳಿಂದಲೇ ಸಸಿ ಮಾಡುತ್ತಿದ್ದರಂತೆ. ಹಣ್ಣು ಚಿಕ್ಕದು, ಹುಳಿ. ಆದರೆ ಗಿಡಕ್ಕೆ ಖರ್ಚಿರಲಿಲ್ಲ. ಆಮೇಲೆ ‘ಚಾಂಡ್ಲರ್’, ‘ಸ್ವೀಟ್ ಚಾರ್ಲಿ’, ‘ವಿಂಟರ್ ಡಾನ್’ ಮುಂತಾದ ಅಮೆರಿಕದ ತಳಿಗಳು ಬಂದವು. ಹಣ್ಣು ದೊಡ್ಡದಾಯಿತು, ಬಣ್ಣ ಬಂತು, ಸಾಲವೂ ಬಂತು.

ಕಷ್ಟ ಇರುವುದು ಇಲ್ಲಿಯೇ. ಒಂದೇ ಗಿಡದಿಂದ ವರ್ಷ ವರ್ಷ ಸಸಿ ಮಾಡುತ್ತಾ ಹೋದರೆ ವೈರಸ್ ರೋಗಗಳು ಸೇರಿಕೊಂಡು ಇಳುವರಿ ಕುಗ್ಗುತ್ತದೆ. ಹಾಗಾಗಿ ಮತ್ತೆ ಮತ್ತೆ ಹೊಸ ತಾಯಿಗಿಡ ತರಿಸಲೇಬೇಕು. ಡಾಲರ್ ಬೆಲೆ ಏರಿದರೆ ವಾಯಿಯ ಮನೆಯಲ್ಲಿ ಚಿಂತೆ! 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಹಣ್ಣು ಇನ್ನೂ ಹೊಲದಲ್ಲಿತ್ತು, ಕೊಳ್ಳುವ ಪ್ರವಾಸಿಗಳಿರಲಿಲ್ಲ. ಹಣ್ಣು ಬೆಳೆದವನಿಗೆ ದುಡ್ಡು ಬಾರದಿದ್ದರೆ ಮುಂದಿನ ವರ್ಷ ಸಸಿ ಕೊಳ್ಳುವವರು ಯಾರು? “ಮಗ ಓದುತ್ತಿದ್ದಾನೆ, ಇದರಲ್ಲೇ ಉಳಿಯುತ್ತಾನೋ ಇಲ್ಲವೋ” ಎಂದು ಆ ತಾಯಿ ನಕ್ಕಳು. ಆ ನಗುವಿನಲ್ಲಿ ನಗು ಕಡಿಮೆಯಿತ್ತು.

ಸಹೋದರಿಯರಿಗೆ ಒಂದು ಕಿವಿಮಾತು. ಬಾಲ್ಕನಿಯ ಕುಂಡದಲ್ಲಿ ಬೆಳೆಸುವ ಆಸೆಯಿದ್ದರೆ ಅಕ್ಟೋಬರ್-ನವೆಂಬರ್‌ನಲ್ಲಿ ಸಸಿ ತನ್ನಿ. ಎಲೆಗಳು ಹುಟ್ಟುವ ನಡುಭಾಗ ಮಣ್ಣಿನಲ್ಲಿ ಹೂತುಹೋಗದಂತೆ ನೆಡಿ, ನೀರು ನಿಲ್ಲಬಾರದು. ನಮ್ಮ ಮೇ ತಿಂಗಳ ಸೆಕೆ ಅದಕ್ಕೆ ಆಗಿಬರುವುದಿಲ್ಲ. ಚಳಿಗಾಲದ ಅತಿಥಿಯೆಂದೇ ತಿಳಿಯಿರಿ.

ಊರು ಬಿಟ್ಟು ಮುಂಬಯಿಗೆ ಬಂದ ನಮ್ಮದೂ ಬಳ್ಳಿ ಚಾಚಿ ಬೇರೂರಿದ ಬಾಳೇ. ನಮ್ಮ ಮಕ್ಕಳಿಗೆ ಈ ಮಣ್ಣಿನಲ್ಲಿ ಸ್ವಂತ ಬೇರು ಬಂದಿದೆ, ಅದು ಸಂತೋಷವೇ. ತಾಯಿಯ ಗುಣವೂ ಜೊತೆಗೆ ಉಳಿಯಬೇಕಾದರೆ ಯಾರಾದರೂ ಚಪ್ಪರದಡಿ ಕುಳಿತು, ಹೊತ್ತರಿತು, ಕೈ ಮಣ್ಣು ಮಾಡಿಕೊಳ್ಳಲೇಬೇಕು. ಮುಂದಿನ ಬಾರಿ ಡಬ್ಬಿ ಕೊಳ್ಳುವಾಗ ಹತ್ತು ರೂಪಾಯಿಗೆ ಜಗ್ಗಾಡುವ ಮುನ್ನ ಆ ಕೈಗಳನ್ನು ಒಮ್ಮೆ ನೆನೆಯೋಣ.