ಮೂರು ಸ್ವರಗಳ ಸಹವಾಸ

ನಮ್ಮಲ್ಲಿ ಸಂಗೀತಪಾಠ ಆರಂಭವಾಗುವುದು ಸರಳೆವರಸೆಯಿಂದ. ಸ್ವರಗಳು ಒಂದರ ಹಿಂದೆ ಒಂದು ಬರುತ್ತವೆ. ಒಂದು ಬಂದಾಗ ಮತ್ತೊಂದು ಸರಿದು ದಾರಿ ಬಿಡುತ್ತದೆ. ಪಿಯಾನೊ ಕಲಿಯಲು ಕುಳಿತವನಿಗಾದರೋ ಮೊದಲ ಪಾಠಗಳಲ್ಲಿಯೇ ಬೇರೊಂದು ಅಪ್ಪಣೆ ದೊರೆಯುತ್ತದೆ: ಮೂರು ಸ್ವರಗಳನ್ನು ಒಮ್ಮೆಗೇ ನುಡಿಸು. ಹೀಗೆ ಒಟ್ಟಾಗಿ ನುಡಿಯುವ ಸ್ವರಗಳ ಗುಂಪನ್ನು ಪಾಶ್ಚಾತ್ಯರು ಕಾರ್ಡ್ ಎನ್ನುತ್ತಾರೆ. ನಾವು ಸ್ವರಮೇಳ ಎನ್ನಬಹುದು. ನಿವೃತ್ತಿಯ ನಂತರ ಮೊಮ್ಮಗಳ ಕೀಬೋರ್ಡಿನ ಮುಂದೆ ಅವಳ ಜೊತೆಗೆ ನಾನೂ ಕುಳಿತೆ. ಅರವತ್ತು ದಾಟಿದ ಬೆರಳಿಗೆ ಇದು ಒಲಿಯುವುದೇ ಎಂಬುದಕ್ಕಿಂತ, ರಾಗದಲ್ಲಿ ಪಳಗಿದ ಕಿವಿಗೆ ಇದು ಒಗ್ಗುವುದೇ ಎಂಬ ಸಂದೇಹವೇ ನನ್ನನ್ನು ಹೆಚ್ಚಾಗಿ ಕಾಡಿತು. ಆ ಸಂದೇಹ ಹೇಗೆ ಕರಗಿತೆಂಬುದನ್ನು ಹೇಳಿದರೆ, ಆರಂಭದ ಸ್ವರಮೇಳಗಳ ಪರಿಚಯವನ್ನೂ ಮಾಡಿಕೊಟ್ಟಂತಾಗುತ್ತದೆ.

1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬಾತ ನಿರ್ಮಿಸಿದ ವಾದ್ಯವೇ ಪಿಯಾನೊದ ಮೂಲ. ಕೀಲಿಯನ್ನು ಒತ್ತಿದೊಡನೆ ಒಳಗಿನ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಬಡಿದು ಹಿಂದೆ ಸರಿಯುತ್ತದೆ. ಇಂದಿನ ಪಿಯಾನೊದಲ್ಲಿ ಸಾಮಾನ್ಯವಾಗಿ 52 ಬಿಳಿ, 36 ಕರಿ, ಒಟ್ಟು 88 ಕೀಲಿಗಳಿರುತ್ತವೆ. ಸಂಖ್ಯೆಯನ್ನು ಕಂಡು ಅಂಜಬೇಕಾಗಿಲ್ಲ. ಹನ್ನೆರಡು ಕೀಲಿಗಳ ಸ್ಥಾಯಿಯೇ ಮತ್ತೆ ಮತ್ತೆ ಬರುತ್ತದೆ. ಕರಿಯ ಕೀಲಿಗಳು ಎರಡರ ಮತ್ತು ಮೂರರ ಗುಂಪುಗಳಾಗಿ ನಿಂತಿವೆ. ಎರಡರ ಗುಂಪಿಗೆ ಎಡಗಡೆಯಲ್ಲಿ ತಾಗಿಕೊಂಡಿರುವ ಬಿಳಿಯ ಕೀಲಿಯ ಹೆಸರು ಸಿ. ಅದನ್ನೇ ನಮ್ಮ ಷಡ್ಜವೆಂದು ಇಟ್ಟುಕೊಳ್ಳೋಣ.

ಷಡ್ಜದಿಂದ ಬಲಕ್ಕೆ, ಕರಿ ಬಿಳಿಗಳೆರಡನ್ನೂ ಸೇರಿಸಿ, ನಾಲ್ಕು ಕೀಲಿ ಎಣಿಸಿದರೆ ಅಂತರ ಗಾಂಧಾರ. ಅಲ್ಲಿಂದ ಮೂರು ಎಣಿಸಿದರೆ ಪಂಚಮ. ಬಲಗೈಯ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳಿಂದ ಈ ಮೂರನ್ನೂ ಒಮ್ಮೆಗೇ ಒತ್ತಿದರೆ ಸಿ ಮೇಜರ್ ಎಂಬ ಸ್ವರಮೇಳ ಸಿದ್ಧವಾಯಿತು. ಗಾಂಧಾರವನ್ನು ಮಾತ್ರ ಒಂದು ಕೀಲಿ ಎಡಕ್ಕೆ ಸರಿಸಿ ಸಾಧಾರಣ ಗಾಂಧಾರವನ್ನಾಗಿಸಿದರೆ ಅದೇ ಸಿ ಮೈನರ್. ಎಣಿಕೆ ಆಗ ಮೊದಲು ಮೂರು, ಆಮೇಲೆ ನಾಲ್ಕು. ಷಡ್ಜ ಪಂಚಮಗಳು ಕದಲುವುದಿಲ್ಲ, ನಡುವಿನ ಸ್ವರವೊಂದೇ ಸರಿಯುತ್ತದೆ. ಆದರೂ ಬೆಳಕಿದ್ದ ಕೋಣೆಗೆ ಮುಸ್ಸಂಜೆ ಇಳಿದಂತಾಗುತ್ತದೆ. ಹನ್ನೆರಡು ಕೀಲಿಗಳಲ್ಲಿ ಯಾವುದರಿಂದ ಹೊರಟರೂ ಎಣಿಕೆ ಇದೇ. ಆದ್ದರಿಂದ ಎರಡು ಸೂತ್ರಗಳನ್ನು ನೆನಪಿಟ್ಟವನಿಗೆ ಇಪ್ಪತ್ತನಾಲ್ಕು ಸ್ವರಮೇಳಗಳು ಕೈವಶವಾದಂತೆ.

ಸೂತ್ರ ಸುಲಭ, ಸಾಧನೆ ಅಷ್ಟು ಸುಲಭವಲ್ಲ. ಮೂರು ಬೆರಳುಗಳು ಒಂದೇ ಕ್ಷಣದಲ್ಲಿ ಇಳಿಯಬೇಕು. ನನ್ನ ನಡುಬೆರಳು ಬಹಳ ದಿನ ತಡವಾಗಿಯೇ ಬರುತ್ತಿತ್ತು. ಮಣಿಕಟ್ಟನ್ನು ಬಿಗಿಹಿಡಿದಷ್ಟೂ ಈ ತೊಡಕು ಹೆಚ್ಚುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಮೊದಲು ಮೂರು ಸ್ವರಗಳನ್ನೂ ಬಿಡಿಬಿಡಿಯಾಗಿ ನುಡಿಸಿ ಜೊತೆಯಲ್ಲಿಯೇ ಹಾಡುವುದು. ಬಳಿಕ ಮೂರನ್ನೂ ಒಟ್ಟಿಗೆ ನುಡಿಸಿ, ಕಣ್ಣು ಮುಚ್ಚಿ, ನಡುವಿನ ಗಾಂಧಾರವನ್ನು ಕಿವಿಯಿಂದ ಹುಡುಕುವುದು. ಷಡ್ಜ ಪಂಚಮಗಳ ನಡುವೆ ಅಡಗಿರುವ ಅದನ್ನು ಗುರುತಿಸಿ ಹಾಡಬಲ್ಲವನಾದಾಗ, ಕಿವಿ ಹೊಸ ಕೆಲಸವೊಂದನ್ನು ಕಲಿತಿತೆಂದು ತಿಳಿಯಬೇಕು.

ಈ ಹುಡುಕಾಟದಲ್ಲಿದ್ದಾಗಲೇ ನನಗೆ ತಂಬೂರಿಯ ನೆನಪಾಯಿತು. ತಂಬೂರಿಯಲ್ಲಿ ಗಾಂಧಾರಕ್ಕೆಂದು ತಂತಿಯಿಲ್ಲ. ಆದರೂ ಶ್ರುತಿ ಚೆನ್ನಾಗಿ ಕೂಡಿದ ತಂಬೂರಿಯಲ್ಲಿ ಅಂತರ ಗಾಂಧಾರ ತಾನೇ ತಾನಾಗಿ ಕೇಳಿಬರುತ್ತದೆಂಬುದು ನಮ್ಮ ವಿದ್ವಾಂಸರು ಬಲ್ಲ ಸಂಗತಿ. ಮೀಟಿದ ತಂತಿ ಇಡಿಯಾಗಿ ಕಂಪಿಸುವುದರ ಜೊತೆಗೆ ಭಾಗಭಾಗವಾಗಿಯೂ ಕಂಪಿಸುತ್ತದೆ. ಮೂರು ಭಾಗವಾಗಿ ಕಂಪಿಸಿದಾಗ ಮೇಲಿನ ಪಂಚಮ, ಐದು ಭಾಗವಾಗಿ ಕಂಪಿಸಿದಾಗ ಅದಕ್ಕೂ ಮೇಲಿನ ಗಾಂಧಾರ ಹುಟ್ಟುತ್ತವೆ. ಎಂದರೆ ಪರಕೀಯವೆಂದು ನಾನು ಶಂಕಿಸಿದ ಸ-ಗ-ಪ ಮೇಳ ನಮ್ಮ ಗಾಯಕನ ಬೆನ್ನಹಿಂದೆ ಮೊದಲಿನಿಂದಲೂ ಇತ್ತು; ನಾನು ಅದನ್ನು ಕೇಳಿಯೂ ಗಮನಿಸಿರಲಿಲ್ಲ.

ಹಾಗೆಂದು ಎರಡೂ ಒಂದೇ ಎನ್ನಲಾಗದು. ಪಿಯಾನೊದಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುವುದರಿಂದ, ಅದರ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಏರಿರುತ್ತದೆ. ಸ್ವರವನ್ನು ಜಾರಿಸುವ, ತೂಗುವ ಗಮಕವಂತೂ ಅಲ್ಲಿ ಅಸಾಧ್ಯ. ಹಾರ್ಮೋನಿಯಂ ಮೇಲೆಯೂ ಇವೇ ಆಕ್ಷೇಪಗಳಿದ್ದವು. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ನಿಷೇಧಿಸಿತು, ಆ ನಿಷೇಧ ದಶಕಗಳ ಕಾಲ ಉಳಿಯಿತು. ನಷ್ಟ ನಿಜವಾದದ್ದೇ. ಆ ನಷ್ಟಕ್ಕೆ ಪ್ರತಿಯಾಗಿ ದೊರೆಯುವುದೇನು?

ದೊರೆಯುವುದು ಚಲನೆ. ತಂಬೂರಿಯ ಮೇಳ ನಿಂತಲ್ಲೇ ನಿಲ್ಲುತ್ತದೆ. ಪಿಯಾನೊದ ಮೇಳ ಹೊರಟು ಹೋಗಿ ಹಿಂತಿರುಗುತ್ತದೆ. ಇದಕ್ಕೆ ಕಲಿಯಬೇಕಾದವು ಮೂರು: ಸ-ಗ-ಪ, ಮ-ದ-ಸ, ಪ-ನಿ-ರಿ. ಇವು ಕ್ರಮವಾಗಿ ಸಿ, ಎಫ್, ಜಿ ಮೇಜರುಗಳು. ಮೂರನ್ನೂ ಕೂಡಿಸಿ ನೋಡಿದರೆ ಶಂಕರಾಭರಣದ ಏಳು ಸ್ವರಗಳೂ ಬಂದಿರುತ್ತವೆ. ಆರಂಭಿಕರು ಒಂದರಿಂದ ಮತ್ತೊಂದಕ್ಕೆ ಇಡೀ ಕೈಯನ್ನೆತ್ತಿ ಹಾರಿಸುತ್ತಾರೆ, ಆಗ ಎಡವುತ್ತಾರೆ. ಹಾಗೆ ಮಾಡದೆ, ಹೆಬ್ಬೆರಳನ್ನು ಷಡ್ಜದಲ್ಲಿಯೇ ಇಟ್ಟು, ಗಾಂಧಾರದಿಂದ ಮಧ್ಯಮಕ್ಕೂ ಪಂಚಮದಿಂದ ಧೈವತಕ್ಕೂ ಉಳಿದೆರಡು ಬೆರಳುಗಳನ್ನು ಸರಿಸಿದರೆ ಎರಡನೆಯ ಮೇಳ ಬಂದೀತು. ಪುನಃ ಮೊದಲಿನದಕ್ಕೆ ಬಂದು, ಕಿರುಬೆರಳನ್ನು ಪಂಚಮದಿಂದ ಕದಲಿಸದೆ, ಹೆಬ್ಬೆರಳನ್ನು ಕೆಳಗಿನ ನಿಷಾದಕ್ಕೆ ಇಳಿಸಿ ತೋರುಬೆರಳನ್ನು ರಿಷಭದ ಮೇಲಿಟ್ಟರೆ ಮೂರನೆಯದು. ಎರಡು ಮೇಳಗಳು ಕೂಡುವೆಡೆಯಲ್ಲಿ ಒಂದು ಸ್ವರ ಎರಡಕ್ಕೂ ಸೇರಿ ನಿಲ್ಲುತ್ತದೆ. ಒಂದೊಂದು ಮೇಳಕ್ಕೂ ನಾಲ್ಕು ಎಣಿಕೆಯಂತೆ, ನಿಧಾನವಾಗಿ, ದಿನಕ್ಕೆ ಕಾಲು ಗಂಟೆ ನುಡಿಸಿದರೂ ಸಾಕು. ಮುತ್ತುಸ್ವಾಮಿ ದೀಕ್ಷಿತರು ಆಂಗ್ಲ ವಾದ್ಯವೃಂದಗಳ ಮಟ್ಟುಗಳನ್ನು ಅನುಸರಿಸಿ ಶಂಕರಾಭರಣದಲ್ಲಿ ರಚಿಸಿದ ನೊಟ್ಟುಸ್ವರಗಳಲ್ಲಿ ಸರಳವಾದುವಕ್ಕೆ ಈ ಮೂರು ಮೇಳಗಳ ಆಸರೆಯೇ ಸಾಲುತ್ತದೆ.

ಎರಡು ಸಂಗೀತಗಳು ಒಂದೇ ಕಿವಿಯಲ್ಲಿ ಬಾಳಬಲ್ಲವೆಂಬುದಕ್ಕೆ ಮೈಸೂರಿನಲ್ಲಿಯೇ ನಿದರ್ಶನವುಂಟು. ಜಯಚಾಮರಾಜ ಒಡೆಯರು ಪಿಯಾನೊವನ್ನು ಶ್ರದ್ಧೆಯಿಂದ ಕಲಿತವರು. ರಷ್ಯದ ನಿಕೊಲಾಯ್ ಮೆಟ್ನರ್ ತನ್ನ ಕೊನೆಯ ವರ್ಷಗಳಲ್ಲಿ ಲಂಡನ್ನಿನಲ್ಲಿದ್ದಾಗ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಅವರು ನೆರವಿತ್ತರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದ. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿದರು.

ಒಂದು ಸಂಜೆ ನಾನು ಪ-ನಿ-ರಿ ಮೇಳವನ್ನು ನುಡಿಸಿ, ಯಾರೋ ಕರೆದರೆಂದು ಎದ್ದುಹೋದೆ. ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ಮೊಮ್ಮಗಳು ಕೂಗಿದಳು: "ತಾತ, ಅಲ್ಲೇ ಬಿಟ್ಟುಬಿಟ್ಟಿರಲ್ಲ! ಬಂದು ಮುಗಿಸಿ ಹೋಗಿ." ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆ ಮೇಳದ ನಿಷಾದ ಷಡ್ಜವನ್ನು ಬೇಡುತ್ತದೆ; ಅದು ದೊರೆಯುವವರೆಗೆ ಕೇಳುವವನಿಗೂ ನೆಮ್ಮದಿಯಿಲ್ಲ. ಹೊರಗಿನ ಮಾತು ಮುಗಿಸುವಷ್ಟು ಹೊತ್ತೂ ನನ್ನ ಮನಸ್ಸೂ ಅಲ್ಲಿಯೇ ತಡೆದುನಿಂತಿತ್ತೆಂಬುದು ಆಗ ತಿಳಿಯಿತು. ಹಿಂತಿರುಗಿ ಬಂದು, ನಿಂತುಕೊಂಡೇ ಸ-ಗ-ಪ ನುಡಿಸಿದೆ. ಅಂದು ನಡುಬೆರಳು ತಡಮಾಡಲಿಲ್ಲ.